ಏಳು ಲಕ್ಷ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತೂ ಶೇಷಮ್ಮನೂ

ಒಂದಾನೊಂದು ಊರಿನಲ್ಲಿ, ಎರಡಾನೆರಡು ಊರಿನಲ್ಲಲ್ಲ, ಒಂದೇ ಊರಿನಲ್ಲಿ, ಭಾಗೇಂದ್ರರಾಯನೆಂಬ ಅರಸನಿದ್ದ. ಬೇರೆ ಅರಸರು ಆನೆ ಸಾಕಿದರು, ಕುದುರೆ ಸಾಕಿದರು. ಇವನು ಸಂಖ್ಯೆ ಸಾಕಿದ. ಅದರ ಹೆಸರು ಏಳು ಲಕ್ಷ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು. ಹೆಸರು ಹಿಡಿದು ಊಟಕ್ಕೆ ಕರೆಯುವಷ್ಟರಲ್ಲಿ ಸಾರು ಆರಿಹೋಗುತ್ತಿತ್ತು.

ಸಂಖ್ಯೆಯ ಗುಣ ಮಾತ್ರ ಬಂಗಾರ. ಇಬ್ಬರಿಗೆ ಹಂಚಿದರೂ ಸಮಪಾಲು, ಮೂವರಿಗೆ ಹಂಚಿದರೂ ಸಮಪಾಲು. ಏಳು ಜನಕ್ಕೂ ಸಮ, ಹದಿಮೂರು ಜನಕ್ಕೂ ಸಮ, ಹದಿನಾರು ಜನ ಬಂದರೂ ಸಮ. ಶೇಷ ಸೊನ್ನೆ! ದಿನಾ ಆಸ್ಥಾನದವರು ಬಂದು ಪಾಲು ತೆಗೆದುಕೊಂಡು ಹೋಗುತ್ತಿದ್ದರು. ಅವರು ಹೋದೊಡನೆ ಸಂಖ್ಯೆ ಮೈಕೊಡವಿ ಮತ್ತೆ ಇಡಿಯಾಗುತ್ತಿತ್ತು. ಹೇಗೆ ಅಂತ ನನ್ನನ್ನು ಕೇಳಬೇಡಿ, ನಾನೇನು ಸಂಖ್ಯೆಯೇ?

ಅರಸನಿಗೆ ಕೋಡು ಮೂಡಿತು. "ನನ್ನ ರಾಜ್ಯದಲ್ಲಿ ಇನ್ನು ಶೇಷ ಎಂಬುದೇ ಇರಕೂಡದು" ಎಂದು ಡಂಗುರ ಹೊಡೆಸಿದ.

ಭಟರು ಹುಡುಕಲು ಹೊರಟರು. ಪಾತ್ರೆಯ ತಳದಲ್ಲಿ ಉಳಿದ ಪಾಯಸ ಸಿಕ್ಕಿತು. ಗಡಿಪಾರು! ಅರ್ಧಕ್ಕೇ ನಿಂತ ಒಂದು ಆಕಳಿಕೆ ಸಿಕ್ಕಿತು. ಅದೂ ಗಡಿಪಾರು! ಕೊನೆಗೆ ಅರಮನೆಯ ಹಿತ್ತಿಲಲ್ಲಿ ಒಬ್ಬ ಮುದುಕಿ ಸಿಕ್ಕಳು. ಅರಸನನ್ನು ಎತ್ತಿ ಆಡಿಸಿದವಳು.

"ನಿನ್ನ ಹೆಸರೇನಜ್ಜಿ?"

"ಶೇಷಮ್ಮ ಕಣಪ್ಪ."

"ಸಿಕ್ತು! ಶೇಷ ಸಿಕ್ತು!"

ಹಿಡಿದು ಅರಸನ ಮುಂದೆ ನಿಲ್ಲಿಸಿದರು. "ಶೇಷಮ್ಮ, ನೀನು ಹೋಗ್ಬೇಕು. ಹೆಸರಲ್ಲೇ ಸಿಕ್ಕಿಬಿದ್ದಿದೀಯ" ಎಂದ ಅರಸ.

"ಹೋಗ್ತೀನಿ ಬುದ್ಧಿ. ಗಡಿಯಾಚೆ ನಂಗ್ಯಾರೂ ಇಲ್ಲ, ಅಷ್ಟೇ. ಆ ಸಂಖ್ಯೆ ಸೊನ್ನೆಗಳಿಗೆ ಯಾರಾದ್ರೂ ಎಣ್ಣೆ ಹಚ್ಚಿ."

ಸಂಖ್ಯೆ ತನ್ನ ಎರಡು ಸೊನ್ನೆಗಳ ಮೇಲೆ ಉರುಳಿಕೊಂಡು ಓಡಾಡುತ್ತಿತ್ತು. ಅವು ಕಿರುಗುಟ್ಟದಂತೆ ದಿನಾ ಹರಳೆಣ್ಣೆ ಹಚ್ಚುತ್ತಿದ್ದವಳು ಶೇಷಮ್ಮ. ಈ ಮಾತು ಕೇಳಿ ಸಂಖ್ಯೆಯ ಕಣ್ಣು ತುಂಬಿ ಬಂತು. ಗರಗರ ಉರುಳಿಕೊಂಡು ಬಂದು ಅಡ್ಡ ನಿಂತಿತು.

"ಮಹಾಸ್ವಾಮಿ, ಅಜ್ಜಿಯ ಎಣ್ಣೆಯ ಋಣ ನನ್ನ ಮೇಲಿದೆ. ಕಳಿಸೋಕೆ ಮುಂಚೆ ಅವಳನ್ನ ನನಗೊಮ್ಮೆ ಕೂಡಿಸಿ."

ಭಟರಿಗೆ ಕೂಡಿಸುವುದೆಂದರೆ ಕೂರಿಸುವುದೆಂದಷ್ಟೇ ಗೊತ್ತು. ಅಜ್ಜಿಯನ್ನು ಎತ್ತಿ ಕೊನೆಯ ಸೊನ್ನೆಯ ಮೇಲೆ ಕೂಡಿಸಿದರು. ಬೆನ್ನು ಬಾಗಿದ ಶೇಷಮ್ಮ ಥೇಟು ಕನ್ನಡದ ಒಂದರಂತೆ ಕಂಡಳು. ಸಂಖ್ಯೆ ಏಳು ಲಕ್ಷ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತೊಂದಾಯಿತು.

"ಈಗ ಹಂಚಿ" ಎಂದಿತು.

ಇಬ್ಬರು ಬಂದರು, ಸಮಪಾಲು ತೆಗೆದುಕೊಂಡರು, ಹೋದರು. ಉಳಿದವಳು ಶೇಷಮ್ಮ. ಮೂವರು ಬಂದರು, ಸಮಪಾಲು ತೆಗೆದುಕೊಂಡರು, ಹೋದರು. ಉಳಿದವಳು ಶೇಷಮ್ಮ. ನಾಲ್ವರು ಬಂದರು, ಐವರು ಬಂದರು. ಕಡೆಗೆ ಹದಿನಾರು ಜನ ಬಂದು, ಪಾಲು ಬಾಚಿಕೊಂಡು, ತಿರುಗಿಯೂ ನೋಡದೆ ಹೋದರು.

ದರ್ಬಾರು ಖಾಲಿ. ಅರಸನಿಗೋ ಬಾಯಾರಿಕೆ. "ಯಾರಿದ್ದೀರಿ?" ಎಂದು ಕೂಗಿದ.

"ನಾನೊಬ್ಳು ಉಳಿದಿದೀನಿ ಬುದ್ಧಿ. ಮಜ್ಜಿಗೆ ತರ್ಲಾ?"

ಅರಸನಿಗೆ ಹಳೆಯದೆಲ್ಲ ನೆನಪಾಯಿತು. ಚಿಕ್ಕಂದಿನಲ್ಲಿ ತನಗೆ ಸಿಡುಬೆದ್ದಾಗ ಎಲ್ಲರೂ ಓಡಿದ್ದರು, ಉಳಿದವಳು ಇವಳೇ. ತಾಯಿ ತೀರಿಕೊಂಡಾಗ ಪಕ್ಕದಲ್ಲಿ ಉಳಿದವಳೂ ಇವಳೇ. ಸಿಂಹಾಸನದಿಂದ ಇಳಿದು ಅವಳ ಕಾಲು ಮುಟ್ಟಿದ.

"ಅವ್ವಾ, ನೀನು ಉಳಿದಿದ್ದಕ್ಕೆ ನಾನು ಉಳಿದೆ."

ಡಂಗುರ ವಾಪಸಾಯಿತು. ಪಾಯಸ ಗಡಿಯಿಂದ ಮರಳಿ ಬಂತು, ಸ್ವಲ್ಪ ಹುಳಿಯಾಗಿತ್ತು. ಆಕಳಿಕೆಯೂ ಬಂದು ಮಂತ್ರಿಯ ಬಾಯಲ್ಲಿ ಪೂರ್ತಿಯಾಯಿತು.

ಆದ್ದರಿಂದ ಮಕ್ಕಳೇ, ಲೆಕ್ಕದಲ್ಲಿ ಒಂದು ಉಳಿದರೆ ಒರೆಸಿ ಹಾಕಬೇಡಿ. ಮಣೆ ಹಾಕಿ, "ಊಟ ಆಯ್ತಾ?" ಅಂತ ಕೇಳಿ. ಕತೆ ನಿಮಗೆಲ್ಲ ಸಮಪಾಲು. ಶೇಷಮ್ಮನ ಮಜ್ಜಿಗೆ ಒಂದು ಲೋಟ ಉಳಿದಿತ್ತು, ಅದು ನನಗೆ.