ಹಿಟ್ಟಿನ ಹಿಮ

ಆ ಬೆಟ್ಟದ ಬುಡದ ಚಳಿ ಅಂಥಿಂಥದ್ದಲ್ಲ. ಅಲ್ಲಿ ಬೆಂಕಿಯೇ ಕಂಬಳಿ ಕೇಳುತ್ತಿತ್ತು. ನಂಬದವರು ಒಂದು ಪುಷ್ಯಮಾಸ ಅಲ್ಲಿದ್ದು ಬಂದು ಆಮೇಲೆ ಮಾತಾಡಲಿ.

ಅಲ್ಲೇ ಹೊಳೆಯ ದಂಡೆಯಲ್ಲಿ ಮಾಳಜ್ಜನ ಆಶ್ರಮ. ಅಜ್ಜ ಕಲಿಸುತ್ತಿದ್ದದ್ದು ಯುದ್ಧ. ಕತ್ತಿಯ ಯುದ್ಧವಲ್ಲ. ಮಣೆಯ ಮೇಲೆ ಮರಳು ಹರವಿ, ಬೀಜಗಳನ್ನೇ ದಂಡು ಮಾಡಿ, ಕವಡೆ ಹಾಕಿ ಆಡುವ ಯುದ್ಧ. ದೊರೆಗಳು ಮೊದಲು ಇಲ್ಲಿ ಆಡಿಸಿ ನೋಡುತ್ತಿದ್ದರು, ಆಮೇಲೆ ಜನರನ್ನು ಕಳಿಸುತ್ತಿದ್ದರು.

ಶಿಷ್ಯ ಕೇತ ಮೂರು ತಿಂಗಳು ಕೂತು ಹೊಸ ಮಣೆ ಕಟ್ಟಿದ್ದ. ನಡುಚಳಿಯಲ್ಲಿ ಮೇಲಿನ ಕಣಿವೆ ದಾಟಿ ಶತ್ರುವಿನ ಕೋಟೆ ಹಿಡಿಯುವ ಆಟ. ಮಾರನೆಯ ದಿನ ದಂಡನಾಯಕ ಬಲ್ಲಣ್ಣ ಆಡಿ ನೋಡಲು ಬರುವವನಿದ್ದ. ಮಣೆಯ ಮೇಲೆ ಗೆದ್ದರೆ ಅದೇ ವಾರ ಮೂರು ಸಾವಿರ ಜನ ಕಣಿವೆ ಹತ್ತುತ್ತಾರೆ. ಕೇತನಿಗೆ ಅರಮನೆಯಲ್ಲಿ ಜಾಗ.

ಮಾಳಜ್ಜ ಮಣೆಯನ್ನು ಸುತ್ತುಹಾಕಿ ನೋಡಿದ. "ಚಳಿಗಾಲ ಎಲ್ಲಿದೆಯೋ?"

"ಅದೇ ಅಜ್ಜಾರೆ, ಬೆಟ್ಟದ ಮೇಲೆ ಅಕ್ಕಿಹಿಟ್ಟು ಉದುರಿಸಿದ್ದೇನಲ್ಲ."

ಅಜ್ಜ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. "ರೊಟ್ಟಿಗೆ ಆದೀತು. ಯುದ್ಧಕ್ಕೆ ಆಗೋದಿಲ್ಲ."

ಕೇತನಿಗೆ ಸಿಟ್ಟು ನೆತ್ತಿಗೇರಿತು. "ಓಲೆಯಲ್ಲಿ ಏನಿದೆ ಅಂತ ಕೇಳಿ ಮಾತಾಡಿ! ಹಿಮದಲ್ಲಿ ಕವಡೆ ನಾಲ್ಕು ಬಿದ್ದರೆ ಎರಡೇ ಮನೆ ನಡೆಯಬೇಕು ಅಂತ ನಿಯಮ ಬರೆದಿದ್ದೇನೆ. ಕಂಬಳಿ ಇದೆ, ಕಟ್ಟಿಗೆ ಇದೆ, ಹೇಸರಗತ್ತೆಗೆ ಹುಲ್ಲೂ ಇದೆ. ಏನು ಬಿಟ್ಟಿದ್ದೇನೆ, ಹೇಳಿ!"

"ಎಲ್ಲಿ ಕೂತು ಬರೆದೆ?"

"ಒಲೆ ಮುಂದೆ."

"ಗೊತ್ತಾಗುತ್ತೆ," ಅಂದ ಅಜ್ಜ. "ನಾನು ಈ ಕಣಿವೆಯಲ್ಲಿ ಹೇಸರಗತ್ತೆ ಹೊಡೆದವನು ಕಣೋ. ಒಂದು ಸಲ ನನ್ನ ನೆರಳೇ ನೆಲಕ್ಕೆ ಹೆಪ್ಪುಗಟ್ಟಿಬಿಡ್ತು. ಕೊಡಲಿಯಿಂದ ಎಬ್ಬಿಸಿಕೊಂಡು ಬಂದೆ."

ಕೇತ ಹಲ್ಲು ಕಚ್ಚಿದ. ಹೋದ ವರ್ಷದ ಕತೆಯಲ್ಲಿ ಹೆಪ್ಪುಗಟ್ಟಿದ್ದು ನೆರಳಲ್ಲ, ಹೇಸರಗತ್ತೆಯ ಬಾಲ. ಅಕ್ಷರ ಬಾರದ ಈ ಮುದುಕನ ಮುಂದೆ ಮೂರು ತಿಂಗಳ ದುಡಿಮೆ ಇಟ್ಟರೆ ಸಿಕ್ಕಿದ್ದು ಇದೇ!

ಬೆಳಿಗ್ಗೆ ಬಲ್ಲಣ್ಣ ಬರುವ ಹೊತ್ತಿಗೆ ಮಣೆ ಒಳಗಿರಲಿಲ್ಲ. ಅಜ್ಜ ಅದನ್ನು ಹೊತ್ತೊಯ್ದು ಹೊಳೆದಂಡೆಯ ಬಂಡೆಯ ಮೇಲೆ ಇಟ್ಟಿದ್ದ.

"ಇದೇನು ತಮಾಷೆ?" ದಂಡನಾಯಕ ಗುಡುಗಿದ. "ಈ ಗಾಳಿಯಲ್ಲಿ ಕೂರೋದೇ?"

"ಒಳಗೆ ಜಾಗ ಸಾಲದು ಸ್ವಾಮಿ," ಅಂದ ಅಜ್ಜ. " ತಮ್ಮ ದಂಡು ದೊಡ್ಡದು."

ಕೇತ ನಾಚಿಕೆಯಿಂದ ಕುದಿಯುತ್ತಾ ಎದುರು ಕೂತ. ದಂಡನಾಯಕನಿಗೆ ಹುಣಸೆಬೀಜ. ಶತ್ರುವಿನ ಪಾಲು ಕೇತನದು, ಅವನಿಗೆ ಗುಲಗಂಜಿ.

ಮೊದಲ ಗಾಳಿಗೇ ಅಕ್ಕಿಹಿಟ್ಟು ಹಾರಿ ಬಲ್ಲಣ್ಣನ ಮೀಸೆಗೆ ಕೂತಿತು.

ಮೂರನೆಯ ಸರದಿಗೆ ಬೀಜಗಳು ಬೆರಳಿಗೆ ಸಿಗದಾದವು.

"ಬೇಹಿನವರನ್ನು ಮುಂದೆ ಕಳಿಸಬೇಕಲ್ಲವೇ, ದಂಡನಾಯಕರೇ?" ಕೇತ ಕೇಳಿದ.

"ಮತ್ತೆ ಯಾರು ಕೈ ಹೊರಗೆ ತೆಗೀತಾರೆ! ಎಲ್ಲರೂ ಒಟ್ಟಿಗೇ ಹೋಗಲಿ."

ಐದನೆಯ ಸರದಿಯಲ್ಲಿ ಕೇತನಿಗೆ ನಾಲ್ಕು ಬಿತ್ತು. ಎರಡು ಮನೆ ನಡೆಸಬೇಕು. ಒಂದು ನಡೆಸಿ ಕೈಯನ್ನು ಕಂಕುಳಿಗೆ ಸೇರಿಸಿಕೊಂಡ.

ಯಾರೂ ಕೇಳಲಿಲ್ಲ. ಅವನಿಗೇ ತಿಳಿಯಿತು. ತನ್ನ ಮೇಲೇ ರೇಗಿತು. ಚಳಿಗೆ ಆಡುವವನ ಕೈಯೇ ಹಿಂದೆಗೆಯುವ ಈ ನಿಯಮ ಅವನ ಓಲೆಯಲ್ಲಿ ಎಲ್ಲೂ ಇರಲಿಲ್ಲ.

"ನಿಮ್ಮ ಬಲಗಡೆಯ ದಂಡು?" ಅಂದ.

"ಇದ್ದಲ್ಲೇ ಇರಲಿ."

"ಅಲ್ಲಿ ಕಟ್ಟಿಗೆ ಮುಗಿದಿದೆ."

"ಇರಲಿ ಅಂದೆನಲ್ಲೋ! ಕಿವಿ ಕೇಳೋದಿಲ್ಲವೇ ನಿನಗೆ?"

ಅಜ್ಜ ಪಕ್ಕದಲ್ಲಿ ನಿಂತೇ ಇದ್ದ. ಮೈಮೇಲೆ ಒಂದು ಹಳೆಯ ಕಂಬಳಿ.

ಒಂಬತ್ತನೆಯ ಸರದಿಗೆ ಬಲ್ಲಣ್ಣ ಕವಡೆ ಎಸೆದು ಎದ್ದ. "ಸಾಕು! ನಾನು ಗೆದ್ದೆ ಅಂತ ಬರೆದುಕೋ!" ಎಂದವನೇ ಆಶ್ರಮದ ಕಡೆ ಓಡಿದ. ಮೂರು ಸಾವಿರ ಜನರ ದಂಡನಾಯಕನ ಚಪ್ಪಲಿ ಒಂದು ಹೊಳೆದಂಡೆಯಲ್ಲೇ ಉಳಿಯಿತು.

ಕೇತನೂ ಅವನ ಹಿಂದೆಯೇ ಓಡಿದ.

ಒಲೆಯ ಮುಂದೆ ಇಬ್ಬರೂ ಕೈ ಚಾಚಿ ಕೂತರು. ಮೈಗೆ ಬಿಸಿ ತಾಗಿದ ಮೇಲೆ ದಂಡನಾಯಕನ ದನಿ ಮತ್ತೆ ದಪ್ಪವಾಯಿತು.

"ನಿಮ್ಮ ಅಜ್ಜನಿಗೆ ಅರಳು ಮರಳು. ಆದರೂ ಮಣೆ ಚೆನ್ನಾಗಿದೆಯಪ್ಪಾ. ನಾಳಿದ್ದೇ ಹೊರಡಿಸುತ್ತೇನೆ. ಎಲ್ಲಿ, ಬರೆದೆಯಾ?"

ಓಲೆ ಕೇತನ ಸೊಂಟದಲ್ಲೇ ಇತ್ತು. ಅವನು ತೆಗೆಯಲಿಲ್ಲ.

ಮಾಳಜ್ಜ ಬಂದು ಹೊಸ್ತಿಲಲ್ಲಿ ನಿಂತ. ಗಡ್ಡದ ತುಂಬ ಇಬ್ಬನಿ ಗಟ್ಟಿಯಾಗಿತ್ತು. ಬಾಗಿಲು ಹಾರುಹೊಡೆದೇ ಇತ್ತು. ಅದರಾಚೆ ಬಂಡೆ, ಬಂಡೆಯ ಮೇಲೆ ಮಣೆ, ಮಣೆಯ ಮೇಲೆ ಬಿಟ್ಟಲ್ಲೇ ಬಿಟ್ಟ ಬೀಜಗಳು.

"ಬಾಗಿಲು ಹಾಕಯ್ಯಾ ಮುದುಕ!" ಬಲ್ಲಣ್ಣ ಕೂಗಿದ. "ಜೀವ ಹೋಗುತ್ತೆ ಚಳಿಗೆ!"

ಅಜ್ಜ ಕದದ ಮೇಲೆ ಕೈಯಿಟ್ಟ.

"ಹಾಕಿಬಿಡಲೇ, ದಂಡನಾಯಕರೇ? ನಿಮ್ಮ ದಂಡು ಇನ್ನೂ ಹೊರಗೇ ಇದೆ."