ಎದುರಂಗಡಿಯ ಅತ್ತರು

"ಗುರುಗಳೇ, ಚೆನ್ನವೀರ ಮಠಕ್ಕೆ ಬಂದದ್ದು ನನಗಿಂತ ಎಷ್ಟೋ ತಡವಾಗಿ. ಆದರೂ ಇಂದಿನ ಪ್ರವಚನವನ್ನು ಅವನಿಂದಲೇ ಹೇಳಿಸಿದಿರಿ. ಅವನಿಗೆ ಅಷ್ಟು ಯೋಗ್ಯತೆ ಇದೆಯೇ?" ಎಂದು ಶಿಷ್ಯ ಮುರಿಗೆಯ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ರೇವುಪಟ್ಟಣದಲ್ಲಿ ಒಬ್ಬ ಅತ್ತರಿನ ವ್ಯಾಪಾರಿ ಇದ್ದ. ಅವನಿಗೆ ಉಣ್ಣಲು ಕಡಿಮೆಯಿರಲಿಲ್ಲ, ಗಿರಾಕಿಗಳಿಗೂ ಕಡಿಮೆಯಿರಲಿಲ್ಲ. ಆದರೆ ಎದುರಿಗೆ ಇನ್ನೊಬ್ಬನ ಅತ್ತರಿನ ಅಂಗಡಿ ತೆರೆದಂದಿನಿಂದ ತಿಂದದ್ದು ಮೈಗೆ ಹತ್ತಲಿಲ್ಲ. ತನ್ನ ಗಿರಾಕಿಯೊಡನೆ ಮಾತಾಡುವಾಗಲೂ ಅವನ ಕಣ್ಣು ಎದುರಂಗಡಿಯ ಮೆಟ್ಟಿಲ ಮೇಲೇ ಇರುತ್ತಿತ್ತು.

ಒಮ್ಮೆ ಎದುರಂಗಡಿಯವನು ಕಡಲಾಚೆಯಿಂದ ಗುಲಾಬಿ ಅತ್ತರು ತರಿಸಿದ. ಆ ರೇವಿನಲ್ಲಿ ಒಂದು ಪದ್ಧತಿಯಿತ್ತು. ಹೊರದೇಶದ ಸರಕಿಗೆ ಅದೇ ವ್ಯಾಪಾರದ ಇನ್ನೊಬ್ಬನು ಎಲ್ಲರೆದುರು ಬೆಲೆ ಕಟ್ಟಬೇಕು. ಸರಕಿನ ಒಡೆಯ ಒಪ್ಪಿದರೆ ಆ ಬೆಲೆಯ ಮೇಲೆ ಸುಂಕ. ಸುಂಕ ಕಟ್ಟದೆ ಒಂದು ಹನಿಯೂ ರೇವು ದಾಟುವಂತಿರಲಿಲ್ಲ. ಬೆಲೆ ಕಟ್ಟಲು ನಮ್ಮ ವ್ಯಾಪಾರಿಗೆ ಕರೆ ಬಂತು.

ಅವನು ಒಂದು ಹನಿಯನ್ನು ಮುಂಗೈಗೆ ಸವರಿ ಮೂಸಿದ. ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಅತ್ತರು ಅಷ್ಟು ಚೆನ್ನಾಗಿತ್ತು. ಕಡಿಮೆ ಹೇಳಿದರೆ ಎದುರಂಗಡಿಯವನಿಗೆ ಸುಂಕ ಉಳಿಯುತ್ತದೆ. ಹೆಚ್ಚು ಹೇಳಿದರೆ ಅವನ ಸರಕನ್ನು ತಾನೇ ಹೊಗಳಿದಂತಾಗುತ್ತದೆ. ಕೊನೆಗೆ, ಸುಂಕ ಕಟ್ಟಿಯೇ ಹಾಳಾಗಿ ಹೋಗಲಿ ಎಂದುಕೊಂಡು ಮೂರುಪಟ್ಟು ಬೆಲೆ ಕೂಗಿದ. ಎದುರಂಗಡಿಯವನು ಒಪ್ಪಿ, ಹೆಂಡತಿಯ ಒಡವೆ ಅಡವಿಟ್ಟು ಸುಂಕ ಕಟ್ಟಿದ. ಅಂದು ನಮ್ಮವನು ಹೊಟ್ಟೆತುಂಬ ಉಂಡ.

ಮರುದಿನ ನೋಡಿದರೆ ಊರಿಗೆ ಊರೇ ಎದುರಂಗಡಿಯ ಮುಂದೆ ನಿಂತಿತ್ತು. ಆಗದವನೇ ಅಷ್ಟು ಬೆಲೆ ಕಟ್ಟಿದ ಮೇಲೆ ಅದು ಎಂಥ ಅತ್ತರಿರಬೇಕು ಎಂದು ಜನ ಕೇಳಿದಷ್ಟು ಕೊಟ್ಟು ಕೊಂಡರು. ಒಡವೆ ಮನೆಗೆ ವಾಪಸಾದವು.

ನಮ್ಮವನಿಗೆ ಅದನ್ನು ಸಹಿಸಲಾಗಲಿಲ್ಲ. ಕೈಯಲ್ಲಿದ್ದುದನ್ನೆಲ್ಲ ಸುರಿದು ಅದೇ ದೇಶದಿಂದ ಅದೇ ಅತ್ತರನ್ನು ಎರಡರಷ್ಟು ತರಿಸಿದ. ಹಡಗು ಬಂತು. ಈ ಸಲ ಬೆಲೆ ಕಟ್ಟಲು ಎದುರಂಗಡಿಯವನನ್ನು ಕರೆಸಿದರು. ಅವನು ಮೂಸಿ ನೋಡಿ ಕೈಮುಗಿದ.

"ಇದು ನನ್ನದಕ್ಕಿಂತ ಯಾವುದರಲ್ಲೂ ಕಡಿಮೆಯಿಲ್ಲ. ಅಂದು ಈ ಯಜಮಾನರು ಹೇಳಿದ ಬೆಲೆಯೇ ಇದಕ್ಕೂ ಇರಲಿ" ಎಂದ.

"ಒಪ್ಪಿಗೆಯೇ?" ಎಂದು ಸುಂಕದ ಅಧಿಕಾರಿ ನಮ್ಮವನನ್ನು ಕೇಳಿದ.

ಅಷ್ಟು ಬಾಳುವುದಿಲ್ಲ ಎಂದಿದ್ದರೆ ಸಾಕಿತ್ತು, ಅಂಗಡಿ ಉಳಿಯುತ್ತಿತ್ತು. ಆದರೆ ಸುತ್ತ ಗಿರಾಕಿಗಳೆಲ್ಲ ನಿಂತಿದ್ದರು, ಎದುರಂಗಡಿಯವನೂ ನಿಂತಿದ್ದ. ಅವನದಕ್ಕಿಂತ ನನ್ನದು ಕಡಿಮೆ ಎನ್ನಲು ನಾಲಗೆ ಏಳಲಿಲ್ಲ. ಒಪ್ಪಿಗೆ ಎಂದ. ಅಂಗಡಿ ಮಾರಿ ಸುಂಕ ಕಟ್ಟಿದ. ಅತ್ತರು ಕೈಗೆ ಬಂತು. ಇಟ್ಟು ಮಾರಲು ಜಾಗವಿರಲಿಲ್ಲ.

ಕತೆ ಕೇಳಿ ಮುರಿಗೆಯ್ಯ ನಕ್ಕು, ಎಂಥ ಮೂರ್ಖ ಎಂದ.

ಗುರುಗಳು ನಗಲಿಲ್ಲ. "ನಾಳೆಯ ಪ್ರವಚನ ನಿನ್ನದು. ಅದು ಹೇಗಿತ್ತೆಂದು ಹೇಳುವವನು ಚೆನ್ನವೀರ. ಈಗ ಹೇಳು, ಅವನ ಯೋಗ್ಯತೆ ಎಷ್ಟು?"