ಕದರಯ್ಯನ ಇನ್ನೊಂದು ಕಾಲು

ಯಾವ ಅರಸನ ಕಾಲವೋ, ಯಾರ ಅಜ್ಜಿಯ ಅಜ್ಜಿ ಕಂಡದ್ದೋ, ಬಹಳ ಹಿಂದೆ ಗವಿಬೆಟ್ಟದ ಬುಡದಲ್ಲಿ ಒಂದೂರಿತ್ತು. ಊರಿನ ದೇವರಿದ್ದದ್ದು ಬೆಟ್ಟದ ತುದಿಯ ಗವಿಯಲ್ಲಿ. ಹತ್ತಲಾರದವರನ್ನು ಡೋಲಿಯಲ್ಲಿ ಕೂರಿಸಿ, ಅದರ ಬೊಂಬಿಗೆ ನಾಲ್ವರು ಹೆಗಲು ಕೊಟ್ಟು ಮೇಲಕ್ಕೆ ಒಯ್ಯುತ್ತಿದ್ದರು. ಹೀಗೆ ಹೊರುವವರಿಗೆ ಬೋಯಿಗಳು ಎನ್ನುತ್ತಿದ್ದರು. ಅವರಿಗೆಲ್ಲ ಹಿರಿಯ ಕದರಯ್ಯ.

ಅವನ ಹೆಗಲಿನ ಮಾತು ಕೇಳಬೇಕು. ತುಂಬು ಬಸುರಿಯೊಬ್ಬಳು ಡೋಲಿಯಲ್ಲಿ ಕೂತು ಕಣ್ಣು ಮುಚ್ಚಿದಳಂತೆ, ತುದಿಯಲ್ಲಿ ಎಚ್ಚರವಾಗಿ ಯಾವಾಗ ಹೊರಡುವುದು ಎಂದು ಕೇಳಿದಳಂತೆ. ಗೌಡನೊಬ್ಬ ಅಂಚಿನವರೆಗೆ ಹಾಲು ತುಂಬಿದ ಬಟ್ಟಲು ಹಿಡಿದು ಕೂತು, ಒಂದು ಹನಿಯೂ ಚೆಲ್ಲದೆ ದೇವರ ಮುಂದಿಟ್ಟನಂತೆ. ನಮ್ಮಜ್ಜಿ ಮಾತ್ರ ಅದು ಹಾಲಲ್ಲ, ಮಜ್ಜಿಗೆ ಎನ್ನುತ್ತಿದ್ದಳು. ಇರಲಿ ಬಿಡಿ, ಕುಡಿದವರು ನಾವಲ್ಲವಲ್ಲ.

ಇಂಥವನ ಹೆಂಡತಿ ಓಬಮ್ಮ ಒಮ್ಮೆಯೂ ಡೋಲಿ ಹತ್ತಿರಲಿಲ್ಲ. ನೀರು, ಸೌದೆ, ಮಕ್ಕಳು ಎಂದು ಅವಳ ಆಯಸ್ಸು ಸವೆದಿತ್ತು. ಬೆಟ್ಟದ ತುದಿ ಅಂಗಳದಿಂದ ಕಂಡಷ್ಟೇ. "ಸೀಮೆಯೋರ್ನೆಲ್ಲ ಹೊತ್ತೆ, ನನ್ನ ಮಾತ್ರ ಮರ್ತೆ" ಎಂದು ಅವಳು ಚುಚ್ಚಿದಾಗಲೆಲ್ಲ ಅವನು ನಗುತ್ತಿದ್ದ. ಇಬ್ಬರ ತಲೆಯೂ ಬೆಳ್ಳಗಾದ ಮೇಲೆ ಒಂದು ದಿನ ನಗಲಿಲ್ಲ. ಈ ಸುಗ್ಗಿ ಮುಗಿಯಲಿ, ನನ್ನ ಹೆಗಲ ಮೇಲೇ ಕರೆದೊಯ್ಯುತ್ತೇನೆ ಎಂದು ಬೆಟ್ಟದ ಕಡೆ ಕೈಮುಗಿದು ಮಾತು ಕೊಟ್ಟ.

ಸುಗ್ಗಿಗೆ ಮೊದಲೇ ಬಿದ್ದ. ಮಳೆಗೆ ನೆನೆದ ಮೆಟ್ಟಿಲಲ್ಲಿ ಕಾಲು ಜಾರಿತು. ಡೋಲಿಯಲ್ಲಿದ್ದ ಮುದುಕಿಗೆ ಏಟಾಗದಂತೆ ಬೊಂಬನ್ನು ಎದೆಗವಚಿಕೊಂಡು ಕುಸಿದ. ಎಡಗಾಲಿನ ಮೂಳೆ ಮುರಿಯಿತು. ಮೂಳೆ ಕಟ್ಟುವವನು ಬಿದಿರ ದಬ್ಬೆ ಇಟ್ಟು ಕಟ್ಟಿ, ನಾನು ಬಿಚ್ಚುವವರೆಗೆ ಕಾಲೂರಬೇಡ ಎಂದ.

ಅಷ್ಟಕ್ಕೇ ನಿಂತಿದ್ದರೆ ಹೇಳಲು ಕಥೆಯೇ ಇರುತ್ತಿರಲಿಲ್ಲ. ಊರಿಗೆ ಊರೇ ಅವನ ಹೆಗಲ ಋಣದಲ್ಲಿತ್ತು. ನಮ್ಮನ್ನೆಲ್ಲ ಹೊತ್ತವನ ಕಾಲು ಇನ್ನು ನೆಲ ಮುಟ್ಟಬಾರದು ಎಂದು ಬೋಯಿಗಳು ತೀರ್ಮಾನಿಸಿದರು. ಅರಳಿಕಟ್ಟೆಗೆ ಹೊತ್ತರು, ಹೊಲಕ್ಕೆ ಹೊತ್ತರು, ಮದುವೆ ಮನೆಗೆ ಹೊತ್ತರು. ಮೂಳೆ ಕೂಡಿ ದಬ್ಬೆ ಬಿಚ್ಚಿದ ಮೇಲೂ ಹೊತ್ತರು. ಕದರಯ್ಯನಿಗೂ ಅದು ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಜೀವಮಾನವಿಡೀ ಹೊತ್ತವನಿಗೆ ಒಮ್ಮೆ ಮೇಲೆ ಕೂರುವ ಆಸೆ ಇರುವುದಿಲ್ಲವೇ? ಸುಗ್ಗಿ ಬಂತು, ಹೋಯಿತು. ಓಬಮ್ಮ ಅಂಗಳದಿಂದಲೇ ಬೆಟ್ಟ ನೋಡಿದಳು.

ಒಂದು ದಿನ ಅವಳು ಬಚ್ಚಲಲ್ಲಿ ಅವನಿಗೆ ನೀರು ಹುಯ್ಯುತ್ತಿದ್ದಳು. ಅವನು ಎಡಗಾಲು ನೋಡಿಕೊಂಡ. ಒನಕೆಯಂತಿದ್ದ ಮೀನಖಂಡ ಜೋತುಬಿದ್ದಿತ್ತು. ಮುರಿದ ಕಾಲಲ್ಲವೇ, ಇರುತ್ತದೆ ಅಂದುಕೊಂಡ. ಆಮೇಲೆ ಬಲಗಾಲು ನೋಡಿದ. ಅದೂ ಹಾಗೆಯೇ ಇತ್ತು.

"ಮುರ್ದಿದ್ದು ಒಂದ್ ಕಾಲು ಕಣೇ. ಇದನ್ನ ತಿಂದೋರ್ಯಾರು?"

"ನಿನ್ನ ಹೊತ್ತೋರು" ಎಂದಳು ಓಬಮ್ಮ. "ಕೂತು ಹೊರಿಸ್ಕೊಂಡ ನೀನೂವೆ."

ಮರುದಿನ ಅವನು ನಡೆಯುತ್ತೇನೆ ಎಂದ. ಯಾರೂ ಕೇಳಲಿಲ್ಲ. ಈ ವಯಸ್ಸಿನಲ್ಲಿ ಹೋದ ಕಸುವು ಮತ್ತೆ ಬರುತ್ತದೆಯೇ ಎಂದು ಹಿರಿಯರು ಬುದ್ಧಿ ಹೇಳಿದರು. ಬೋಯಿಗಳು ಅವನನ್ನು ಎತ್ತಿ ಡೋಲಿಯಲ್ಲಿ ಕೂರಿಸಿಯೇಬಿಟ್ಟರು. ಬೆಟ್ಟದ ಬುಡದ ಕಲ್ಲುಕಟ್ಟೆ ಹತ್ತಿರವಾದಾಗ ಕದರಯ್ಯ ತನ್ನ ಹಳೆಯ ದನಿ ತೆಗೆದು ಕೂಗಿದ: "ಹೋಯ್, ಇಳ್ಸೂ." ಆ ಕೂಗಿಗೆ ಇಳಿಸುವುದನ್ನು ಆ ನಾಲ್ವರ ಮೈಗೆ ಕಲಿಸಿದವನೇ ಅವನು. ತಲೆ ಯೋಚಿಸುವ ಮೊದಲೇ ಹೆಗಲು ಬಾಗಿ ಡೋಲಿ ನೆಲ ಮುಟ್ಟಿತು.

ಅವನು ಕಟ್ಟೆಯ ಮೇಲೆ ಕೂತು ಬೊಂಬು ಹಿಡಿದು ಎದ್ದ. ತೊಡೆ ನಡುಗಿ ಕುಸಿದು ಕೂತ. ಮತ್ತೆ ಎದ್ದ, ಮತ್ತೆ ಕೂತ. ಆಮೇಲೆ ದಿನಾ ಅದೇ ಕೆಲಸವಂತೆ, ಏಳುವುದು, ಕೂರುವುದು. ನೋಡಿದವರು ನಕ್ಕರು, ಅವನೂ ನಕ್ಕ. ಬೊಂಬು ಹಿಡಿಯದೆ ಎದ್ದ ದಿನ ಮೆಟ್ಟಿಲಿಗೆ ಹೋಗಿ ಹತ್ತಿ ಇಳಿದ. ಅದು ಸಲೀಸಾದ ಮೇಲೆ ಖಾಲಿ ಡೋಲಿಗೆ ಹೆಗಲು ಕೊಟ್ಟ. ಖಾಲಿ ಡೋಲಿ ಹಗುರವೆನಿಸಿದಾಗ ಅದರಲ್ಲಿ ರಾಗಿ ಮೂಟೆ ಇಡಿಸಿದ. ತೀರಾ ನೋವಾದ ದಿನ ಸುಮ್ಮನಿದ್ದು ಮರುದಿನ ಬಂದ. ಓಬಮ್ಮ ದಿನವೂ ಮುದ್ದೆಗೆ ಗಟ್ಟಿ ಹುರುಳಿ ಸಾರು ಮಾಡಿದಳು. ಮನೆಯೆಲ್ಲ ಹುರುಳಿ ವಾಸನೆ ಎಂದು ಸೊಸೆ ಗೊಣಗಿದಳಂತೆ. ಮೀನಖಂಡ ತುಂಬಿಕೊಂಡಿತು. ಮೊದಲಿನಷ್ಟಲ್ಲ, ಆದರೆ ಬೇಕಾದಷ್ಟು. ಮೊದಲಿಗಿಂತ ಇಮ್ಮಡಿ ಎನ್ನುವವರೂ ಇದ್ದಾರೆ, ಅವರನ್ನು ನಂಬಬೇಡಿ.

ಮುಂದಿನ ಸುಗ್ಗಿ ಮುಗಿಯಿತು. ಒಂದು ಬೆಳಿಗ್ಗೆ ಡೋಲಿ ಓಬಮ್ಮನ ಅಂಗಳಕ್ಕೆ ಬಂತು. ಬೊಂಬಿನ ಮುಂದಿನ ತುದಿಗೆ ಕದರಯ್ಯನೇ ಹೆಗಲು ಕೊಟ್ಟ. ಊರೆಲ್ಲ ಸೇರಿ ನೋಡಿತು. ಅವನ ಕಾಲು ನಡುಗಲಿಲ್ಲ. ಅರ್ಧ ಬೆಟ್ಟ ಹತ್ತಿ ದಣಿವಾರಿಸಲು ಇಳಿಸಿದಾಗ ಓಬಮ್ಮ ಕೆಳಗಿಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಿನ್ನ ಮಾತು ತೀರ್ತು ಕಣಯ್ಯ. ಮಿಕ್ಕಿದ್ದು ನಾನೇ ಹತ್ತೀನಿ."

"ನಿನ್ನ ಮಂಡಿ ನೋವು?"

"ಹತ್ತದೆ ಹೆಂಗ್ ಗೊತ್ತಾಗ್ತದೆ?"

ಹತ್ತಿದಳು, ಕೂತಳು, ಎದ್ದು ಮತ್ತೆ ಹತ್ತಿದಳು. ಹೊರುವುದೊಂದೇ ಗೊತ್ತಿದ್ದ ಕದರಯ್ಯನಿಗೆ ಅವತ್ತು ಹೊರದೆ ಇರುವುದೇ ಭಾರವಾಯಿತಂತೆ. ಅವಳು ಆಗಾಗ ವಾಲುತ್ತಿದ್ದಳು. ಎರಡೂ ಕೈ ಚಾಚಿಕೊಂಡು ಒಂದು ಮೆಟ್ಟಿಲು ಹಿಂದೆಯೇ ನಡೆದ, ಆದರೆ ಮುಟ್ಟಲಿಲ್ಲ. ಬಿಸಿಲಿಳಿಯುವ ಹೊತ್ತಿಗೆ ಇಬ್ಬರೂ ಗವಿಯ ಬಾಗಿಲಲ್ಲಿ ನಿಂತಿದ್ದರು. ಎಷ್ಟೋ ಜನರನ್ನು ಅಲ್ಲಿಗೆ ಮುಟ್ಟಿಸಿದ್ದವನಿಗೆ ಅಂದಿನಷ್ಟು ಹೆಮ್ಮೆ ಎಂದೂ ಆಗಿರಲಿಲ್ಲವಂತೆ.

ಈಗ ಅವರಿಲ್ಲ, ಡೋಲಿಯೂ ಇಲ್ಲ. ಆದರೆ ಆ ಊರಿನಲ್ಲಿ ಇವತ್ತಿಗೂ ಯಾರಾದರೂ ಕಾಯಿಲೆ ಬಿದ್ದು ಮಂಚದಿಂದೆದ್ದರೆ, ಎಷ್ಟೇ ವಯಸ್ಸಾಗಿರಲಿ, ಮನೆಯವರು ರಟ್ಟೆ ಹಿಡಿದು ನಡೆಸುವುದಿಲ್ಲ. ಕೈ ಚಾಚಿಕೊಂಡು ಒಂದು ಹೆಜ್ಜೆ ಹಿಂದೆ ನಡೆಯುತ್ತಾರೆ. ಕಂಡ ಪರಸ್ಥಳದವರು ಎಂಥ ಕಲ್ಲೆದೆಯ ಜನ ಎನ್ನುತ್ತಾರೆ. ಹಿಂದೆ ನಡೆಯುವವರ ಕಣ್ಣೆಲ್ಲ ಮುಂದಿನವರ ಕಾಲಿನ ಮೇಲಿರುತ್ತದೆ.